ತಲೆ ಯಾರದ್ದು, ತೀರ್ಮಾನ ಯಾರದ್ದು?

ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಹೋದರೆ ಸೋಮೇಶ್ವರ ದೇವಸ್ಥಾನ ನೋಡಿ. ಅಲ್ಲಿ ಸುಮಾರು 1200ರ ಒಂದು ಶಾಸನ ಇದೆ. ಜೈನರೊಂದಿಗಿನ ಪಂಥದಲ್ಲಿ ಏಕಾಂತದ ರಾಮಯ್ಯ ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಅರ್ಪಿಸಿದ, ಅದನ್ನು ಮತ್ತೆ ಪಡೆದ, ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಅನ್ನುತ್ತೆ ಶಾಸನ. ಪವಾಡ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನಗೆ ಮುಖ್ಯ ಅನ್ನಿಸೋದು ಇಷ್ಟೇ: ತಲೆ ಅವನದು, ತೀರ್ಮಾನವೂ ಅವನದೇ.

ಈಗ ಇರಾನಿಗೆ ಬನ್ನಿ. ಮಹ್ಸಾ ಅಮಿನಿ, 22 ವರ್ಷದ ಕುರ್ದ್ ಹೆಣ್ಣುಮಗಳು. ಹಿಜಾಬ್ ಸರಿಯಾಗಿ ಹಾಕಿಲ್ಲ ಅಂತ ತೆಹ್ರಾನಿನಲ್ಲಿ ನೈತಿಕ ಪೊಲೀಸರು ಹಿಡಿದರು. 2022ರ ಸೆಪ್ಟೆಂಬರ್ 16ರಂದು ಆಕೆ ತೀರಿಕೊಂಡಳು. ‘ಹೆಣ್ಣು, ಬದುಕು, ಸ್ವಾತಂತ್ರ್ಯ’ ಅಂತ ಇಡೀ ದೇಶ ಬೀದಿಗಿಳಿಯಿತು.

ಆದರೆ ಇದು ಅವತ್ತು ಹುಟ್ಟಿದ ಜಗಳ ಅಲ್ಲ. 1848ರಲ್ಲೇ ಕವಯಿತ್ರಿ ತಾಹಿರೆ ಗಂಡಸರ ಸಭೆಯಲ್ಲಿ ಮುಸುಕು ತೆಗೆದು ನಿಂತಳು. ನಾಲ್ಕು ವರ್ಷದಲ್ಲಿ ಆಕೆಯನ್ನು ಕೊಂದರು. 1936ರಲ್ಲಿ ದೊರೆ ರೆಜಾ ಶಾ ಮುಸುಕು ತೆಗೆಯಲೇಬೇಕು ಅಂತ ಆಜ್ಞೆ ಮಾಡಿದ. ಪೊಲೀಸರು ರಸ್ತೆಯಲ್ಲೇ ಕಿತ್ತುಹಾಕಿದರು. ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರೋದನ್ನೇ ಬಿಟ್ಟರು. 1979ರ ಕ್ರಾಂತಿ ಆಯ್ತು, ಹಾಕಲೇಬೇಕು ಅಂದರು. ಆ ವರ್ಷದ ಮಾರ್ಚ್ 8ರಂದು ತೆಹ್ರಾನಿನಲ್ಲಿ ಸಾವಿರಾರು ಮಹಿಳೆಯರು ಅದನ್ನು ವಿರೋಧಿಸಿ ಮೆರವಣಿಗೆ ಹೊರಟರು. ಕಾನೂನು ಬಂದೇ ಬಂತು. 1983ರಿಂದ 74 ಛಡಿ ಏಟಿನವರೆಗೆ ಶಿಕ್ಷೆ! ಒಬ್ಬ ಕಿತ್ತ, ಇನ್ನೊಬ್ಬ ಹೊದಿಸಿದ. ಇಬ್ಬರೂ ಅವಳನ್ನು ಕೇಳಲಿಲ್ಲ.

ಕೇಳಿದ್ದು ಕಲಾವಿದರು. ಜಾಫರ್ ಪನಾಹಿ ಅವರ ‘ಆಫ್‌ಸೈಡ್’ ಸಿನಿಮಾ ನೋಡಿ, 2006ರದ್ದು. ಫುಟ್‌ಬಾಲ್ ಮ್ಯಾಚ್ ನೋಡೋಕೆ ಹುಡುಗಿಯರು ಗಂಡುವೇಷ ಹಾಕ್ತಾರೆ. ಅಷ್ಟೇ ಕಥೆ. ಇರಾನಿನಲ್ಲಿ ಅದನ್ನು ತೋರಿಸೋಕೇ ಬಿಡಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ಮಹ್ಸಾ ಸತ್ತ ಅದೇ ಸೆಪ್ಟೆಂಬರಿನಲ್ಲಿ, ಉಡುಪಿಯಿಂದ ಶುರುವಾದ ಹಿಜಾಬ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಯಲ್ಲಿತ್ತು. ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ತರಗತಿಯ ಸಮವಸ್ತ್ರದ ನಿಯಮವನ್ನೂ ಪೊಲೀಸರ ವಶದಲ್ಲಾದ ಸಾವನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಚರ್ಚೆ ಹೇಗಿತ್ತು? ತೆಹ್ರಾನಿನ ಹುಡುಗಿಗೆ ಭೇಷ್ ಅಂದವರಲ್ಲಿ ಎಷ್ಟೋ ಜನ ಉಡುಪಿಯ ಹುಡುಗಿಯ ಮಾತಿಗೆ ಕಿವಿ ಮುಚ್ಚಿಕೊಂಡರು. ಉಡುಪಿಯ ಹುಡುಗಿಯ ಪರ ನಿಂತವರಲ್ಲಿ ಎಷ್ಟೋ ಜನ ತೆಹ್ರಾನಿನ ಬಗ್ಗೆ ಬಾಯಿ ಬಿಡಲಿಲ್ಲ. ಅವಳ ಆಯ್ಕೆ ನಮಗೆ ಹಿಡಿಸಿದರೆ ಮಾತ್ರ ಅದು ಹಕ್ಕಾ?

ಅಬಲೂರಿನಿಂದ ಅಕ್ಕಮಹಾದೇವಿಯ ಉಡುತಡಿಗೆ ಬಹಳ ದೂರ ಇಲ್ಲ. ಅರಮನೆ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದವಳು ಅವಳು. ಅನುಭವ ಮಂಟಪದಲ್ಲಿ ಅಲ್ಲಮ ಅವಳನ್ನು ಕಠಿಣವಾಗಿ ಪ್ರಶ್ನೆ ಮಾಡಿದರು ಅನ್ನುತ್ತೆ ನಮ್ಮ ಪರಂಪರೆ. ಪ್ರಶ್ನೆ ಮಾಡಿದರು, ಉತ್ತರ ಕೇಳಿಸಿಕೊಂಡರು, ತಲೆಬಾಗಿದರು. ಪೊಲೀಸರನ್ನು ಕರೆಯಲಿಲ್ಲ.

ಎಂಟುನೂರು ವರ್ಷದ ಹಿಂದೆ ನಮಗೆ ಗೊತ್ತಿದ್ದ ನಡತೆ ಇದು. ಹಾಕ್ತೀಯಾ, ತೆಗೀತೀಯಾ ಅನ್ನೋದಕ್ಕಿಂತ ಮುಂಚೆ, ನೀನೇನಮ್ಮಾ ಹೇಳ್ತೀಯ ಅಂತ ಕೇಳೋಣ. ಅವಳು ಹೇಳೋದು ನಮಗೆ ಹಿಡಿಸದಿದ್ದಾಗಲೂ ಕೇಳೋಣ.