ಇಪ್ಪತ್ತರ ಡಿಫೆಂಡರ್‌ಗೆ ಮಂಡಿ ಪೆಟ್ಟು: ಒಂದು ವರ್ಷ ಕಾದರೆ ಏನಾಗುತ್ತೆ?

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

 

ಇವತ್ತಿನ ವಿಷಯ ಮಂಡಿ. ಹಾಕಿ ಆಡೋ ಹುಡುಗನ ಮಂಡಿ, ಅದರಲ್ಲೂ ಡಿಫೆಂಡರ್‌ನ ಮಂಡಿ. ಹಾಕಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಕೊಡಗು, ನೀಲಿ ಟರ್ಫ್, ಪೆನಾಲ್ಟಿ ಕಾರ್ನರ್, ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್. ಆದರೆ ಇವತ್ತು ನಾನು ಮಾತಾಡೋದು ಐಸ್ ಹಾಕಿ ಬಗ್ಗೆ. ಕೆನಡಾ, ಅಮೆರಿಕದಲ್ಲಿ ಮಂಜುಗಡ್ಡೆ ಮೇಲೆ ಆಡೋ ಆಟ. ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್. ಚಿಕ್ಕ ವಯಸ್ಸಲ್ಲೇ ಮಂಡಿಗೆ ಪೆಟ್ಟು ಬಿದ್ದ ಇಬ್ಬರು ಡಿಫೆಂಡರ್‌ಗಳ ಕಥೆ ಅಲ್ಲಿದೆ. ಒಂದು 1966ರದ್ದು, ಇನ್ನೊಂದು 2008ರದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ನಮ್ಮ ಮೈದಾನದ ಹುಡುಗ ಹುಡುಗಿಯರಿಗೂ ಬೇಕಾದ ಒಂದು ಮಾತು ಸಿಗುತ್ತೆ ಅಂತ ನನಗನ್ನಿಸುತ್ತೆ.

ಮೊದಲು, ಡಿಫೆಂಡರ್‌ಗೆ ಮಂಡಿ ಯಾಕೆ ಅಷ್ಟು ಮುಖ್ಯ ಅನ್ನೋದನ್ನ ನೋಡೋಣ.

ಐಸ್ ಹಾಕಿಯಲ್ಲಿ ಮುಂದಾಳುಗಳು ಹೆಚ್ಚಾಗಿ ಮುಂದಕ್ಕೆ ಓಡ್ತಾರೆ. ಡಿಫೆಂಡರ್ ಹಿಮ್ಮುಖವಾಗಿ ಜಾರಬೇಕು. ಎದುರಾಳಿ ಪೂರ್ತಿ ವೇಗದಲ್ಲಿ ನುಗ್ಗಿ ಬರ್ತಿರ್ತಾನೆ, ಇವನು ಅವನ ಮುಖ ನೋಡ್ಕೊಂಡೇ ಹಿಂದಕ್ಕೆ ಸರೀತಿರ್ತಾನೆ. ಎದುರಾಳಿ ಎಡಕ್ಕೋ ಬಲಕ್ಕೋ ತಿರುಗಿದ ಕೂಡಲೇ ಇವನೂ ಒಂದೇ ಕಾಲಿನ ಮೇಲೆ ಭಾರ ಹಾಕಿ, ಗಿರ್ರನೆ ತಿರುಗಿ ಬೆನ್ನು ಹತ್ತಬೇಕು. ಇದೆಲ್ಲ ನಡೆಯೋದು ಸುಮಾರು ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಅಲಗಿನ ಮೇಲೆ. ಪಾದ, ಕಣಕಾಲು ಎರಡೂ ಗಟ್ಟಿ ಬೂಟಿನೊಳಗೆ ಬಿಗಿಯಾಗಿರ್ತವೆ. ಹಾಗಾಗಿ ದೇಹ ಒಂದು ಕಡೆ, ಅಲಗು ಇನ್ನೊಂದು ಕಡೆ ಹೋದಾಗ ಆ ತಿರುಚು ಮಂಡಿಗೆ ಬಂದು ಬೀಳುತ್ತೆ.

ಮಂಡಿಯೊಳಗೆ ನಾವು ಪದೇಪದೇ ಕೇಳೋ ಹೆಸರು ಮೂರು. ಒಳಬದಿಯಲ್ಲಿರೋ ಎಂಸಿಎಲ್ ಅನ್ನೋ ಅಸ್ಥಿರಜ್ಜು. ಐಸ್ ಹಾಕಿಯಲ್ಲಿ ಹೆಚ್ಚಾಗಿ ಪೆಟ್ಟಾಗೋದು ಇದಕ್ಕೇ. ಬಹಳ ಸಲ ಆಪರೇಷನ್ ಇಲ್ಲದೆ, ಬ್ರೇಸ್ ಹಾಕಿ ವಿಶ್ರಾಂತಿ ಕೊಟ್ಟರೆ ವಾಸಿಯಾಗುತ್ತೆ. ಎರಡನೇದು ಎಸಿಎಲ್. ಇದು ಮಂಡಿಯ ನಡುವೆ ಇರುತ್ತೆ, ಕಾಲಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಚಿಕೊಳ್ಳದ ಹಾಗೆ ಹಿಡಿದಿಡುತ್ತೆ. ಪೂರ್ತಿ ಹರಿದರೆ ತಾನಾಗಿ ಕೂಡಿಕೊಳ್ಳೋದು ಕಷ್ಟ. ಮೂರನೇದು ಮೆನಿಸ್ಕಸ್. ಎರಡು ಮೂಳೆಗಳ ನಡುವಿನ ಮೆತ್ತೆ ಅಂತ ಇಟ್ಕೊಳ್ಳಿ.

ಈಗ ಮೊದಲನೇ ಕಥೆಗೆ ಬರೋಣ.

ಬಾಬಿ ಆರ್. ಹುಟ್ಟಿದ್ದು 1948ರಲ್ಲಿ, ಕೆನಡಾದ ಪ್ಯಾರಿ ಸೌಂಡ್ ಅನ್ನೋ ಸಣ್ಣ ಊರಲ್ಲಿ. 1966ರಲ್ಲಿ, 18ನೇ ವಯಸ್ಸಿಗೆ ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೆ ಬಂದರು. ಆ ಮೊದಲ ಋತುವಿನ ಡಿಸೆಂಬರ್‌ನಲ್ಲೇ ಎಡಮಂಡಿಗೆ ಪೆಟ್ಟು ಬಿತ್ತು. ಆದರೂ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಆಮೇಲೆ ನಡೆದಿದ್ದು ಐಸ್ ಹಾಕಿಯ ಇತಿಹಾಸ. ಡಿಫೆಂಡರ್ ಅಂದ್ರೆ ಹಿಂದೆ ನಿಂತು ತಡೆಯೋನು ಅನ್ನೋ ಕಲ್ಪನೆಯನ್ನೇ ಆರ್ ಬದಲಾಯಿಸಿಬಿಟ್ಟರು. ಪಕ್ ತಗೊಂಡು ತಾನೇ ಮುಂದಕ್ಕೆ ನುಗ್ಗೋರು, ಗೋಲು ಹೊಡೆದು ಮತ್ತೆ ಹಿಂದಕ್ಕೆ ಬಂದು ತಡೆಯೋರು. 1968ರಿಂದ 1975ರ ತನಕ, ಸತತ ಎಂಟು ವರ್ಷ ಲೀಗಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಅವರದ್ದೇ. ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರ ಪಟ್ಟಿಯಲ್ಲಿ ಎರಡು ಸಲ ಮೊದಲ ಸ್ಥಾನ. ಈ ಸಾಧನೆ ಮಾಡಿದ ಡಿಫೆಂಡರ್ ಬೇರೆ ಯಾರೂ ಇಲ್ಲ. 1970ರ ಮೇ 10ರಂದು ಸೇಂಟ್ ಲೂಯಿಸ್ ಬ್ಲೂಸ್ ವಿರುದ್ಧ ಓವರ್‌ಟೈಮ್‌ನಲ್ಲಿ ಗೋಲು ಹೊಡೆದು ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ ಕ್ಷಣದ ಫೋಟೋ ನೀವೂ ನೋಡಿರಬಹುದು. ಎರಡು ಕೈ ಚಾಚಿ ಗಾಳಿಯಲ್ಲಿ ತೇಲ್ತಾ ಇರೋ ಹುಡುಗ. ಅದೇ ಬಾಬಿ ಆರ್.

ಆ ಫೋಟೋದಲ್ಲಿ ಕಾಣದೇ ಇರೋದು ಮಂಡಿಯ ಸ್ಥಿತಿ. ಅವತ್ತಿನ ವೈದ್ಯಕೀಯ ಹೇಗಿತ್ತು ಗೊತ್ತಾ? ಇವತ್ತಿನ ಹಾಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಒಳಗೆ ಬಿಟ್ಟು ಮಾಡೋ ಆರ್ಥ್ರೋಸ್ಕೋಪಿ ಆಗ ಬಳಕೆಗೆ ಬಂದಿರಲಿಲ್ಲ. ಮಂಡಿಯನ್ನ ಅಗಲಕ್ಕೆ ಕೊಯ್ದು ತೆರೀತಿದ್ದರು. ಮೆನಿಸ್ಕಸ್ ಹರಿದಿದ್ದರೆ ತೆಗೆದು ಹಾಕೋದೇ ಆಗಿನ ರೂಢಿ. ಮೆತ್ತೆ ಹೋದ ಮೇಲೆ ಮೂಳೆಗೆ ಮೂಳೆ ಉಜ್ಜಿ ಮಂಡಿ ಸವೆಯುತ್ತೆ ಅನ್ನೋದು ಇವತ್ತು ಎಲ್ಲ ಡಾಕ್ಟರ್‌ಗಳಿಗೂ ಗೊತ್ತು. ಆರ್ ಅವರ ಎಡಮಂಡಿಗೆ ಹತ್ತಕ್ಕೂ ಹೆಚ್ಚು ಸಲ ಆಪರೇಷನ್ ಆಯ್ತು. ಪ್ರತಿ ಸಲವೂ ಅದೇ ಕಥೆ: ಕೊಯ್ಯೋದು, ಹೊಲಿಯೋದು, ಮತ್ತೆ ಐಸ್ ಮೇಲೆ ಇಳಿಯೋದು.

1974-75ರಲ್ಲಿ 46 ಗೋಲು ಹೊಡೆದ ಮನುಷ್ಯ ಮುಂದಿನ ಋತುವಿನಲ್ಲಿ ಆಡಿದ್ದು ಬರೀ 10 ಪಂದ್ಯ. 1976ರ ಕೆನಡಾ ಕಪ್‌ನಲ್ಲಿ ಆ ಮಂಡಿ ಎಳ್ಕೊಂಡೇ ಆಡಿ, ಟೂರ್ನಿಯ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು. ಅದೇ ವರ್ಷ ಶಿಕಾಗೋ ತಂಡ ಸೇರಿದ್ದರು, ಅಲ್ಲಿ ಆಡಿದ್ದು ಒಟ್ಟು 26 ಪಂದ್ಯ. 1978ರಲ್ಲಿ ನಿವೃತ್ತಿ. ವಯಸ್ಸು 30. ನನ್ನನ್ನ ತುಂಬಾ ತಟ್ಟೋ ಸಂಗತಿ ಒಂದಿದೆ. ಆಡದೇ ದುಡ್ಡು ತಗೋಬಾರದು ಅಂತ ಶಿಕಾಗೋದವರು ಕೊಟ್ಟ ಸಂಬಳದ ಚೆಕ್‌ಗಳನ್ನ ಅವರು ನಗದು ಮಾಡಿಕೊಳ್ಳಲೇ ಇಲ್ಲ.

ಆರ್ ಅವರ ಒಟ್ಟು ಎನ್‌ಎಚ್‌ಎಲ್ ಪಂದ್ಯ 657. ಈ ಸಂಖ್ಯೆ ನೆನಪಿಟ್ಕೊಳ್ಳಿ.

ಈಗ ಎರಡನೇ ಕಥೆ. ಎರಿಕ್ ಜಾನ್ಸನ್, ಅಮೆರಿಕದ ಮಿನ್ನೆಸೋಟಾ ರಾಜ್ಯದ ಹುಡುಗ. ಆರಡಿ ನಾಲ್ಕಿಂಚು ಎತ್ತರ. 2006ರ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ, ಅಂದ್ರೆ ಹೊಸ ಆಟಗಾರರನ್ನ ತಂಡಗಳು ಆರಿಸೋ ಪ್ರಕ್ರಿಯೆಯಲ್ಲಿ, ಎಲ್ಲರಿಗಿಂತ ಮೊದಲು ಆಯ್ಕೆಯಾದ. ಆರಿಸಿದ್ದು ಸೇಂಟ್ ಲೂಯಿಸ್ ಬ್ಲೂಸ್. ಹೌದು, ಆರ್ ಅವರ ಗೋಲಿನಿಂದ ಕಪ್ ಸೋತಿದ್ದ ಅದೇ ತಂಡ. 2007-08ರ ಮೊದಲ ಋತುವಿನಲ್ಲಿ 69 ಪಂದ್ಯ, 33 ಪಾಯಿಂಟ್. ಹತ್ತೊಂಬತ್ತರ ಡಿಫೆಂಡರ್‌ಗೆ ಒಳ್ಳೇ ಆರಂಭ.

2008ರ ಸೆಪ್ಟೆಂಬರ್‌ನಲ್ಲಿ ತಂಡದವರೆಲ್ಲ ಗಾಲ್ಫ್ ಆಡೋಕೆ ಹೋಗಿದ್ದರು. ಅಲ್ಲಿ ಗಾಲ್ಫ್ ಕಾರ್ಟ್‌ನಲ್ಲಿ ಜಾನ್ಸನ್‌ನ ಕಾಲು ಸಿಕ್ಕಿಕೊಂಡು ಮಂಡಿ ತಿರುಚಿತು. ಎಸಿಎಲ್, ಎಂಸಿಎಲ್ ಎರಡೂ ಹರಿದವು. ಎದುರಾಳಿ ಇಲ್ಲ, ಐಸ್ ಇಲ್ಲ. ಆಗ ವಯಸ್ಸು 20. ಇಂಥ ಪೆಟ್ಟಿಗೆ ಜನ ನಗ್ತಾರೆ, ಮೀಮ್ ಮಾಡ್ತಾರೆ. ಆದರೆ ಹರಿದ ರಜ್ಜುವಿಗೆ ಅದು ಹೇಗೆ ಹರೀತು ಅನ್ನೋದು ಮುಖ್ಯವಲ್ಲ. ವಾಸಿಯಾಗೋಕೆ ಅಷ್ಟೇ ದಿನ ಬೇಕು.

2008-09ರ ಇಡೀ ಋತು ಅವನು ಆಡಲಿಲ್ಲ, ಒಂದು ಪಂದ್ಯವನ್ನೂ. ಮುಂದಿನ ಋತುವಿಗೆ ವಾಪಸ್ ಬಂದು 79 ಪಂದ್ಯ ಆಡಿದ, 39 ಪಾಯಿಂಟ್ ಗಳಿಸಿದ. ಗಾಯಕ್ಕೆ ಮುಂಚಿಗಿಂತ ಹೆಚ್ಚು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಬೆಳ್ಳಿ ಗೆದ್ದಾಗ ಆ ತಂಡದಲ್ಲಿದ್ದ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಸಿನಿಮಾ ಥರ ಆಗುತ್ತೆ. ನಿಜ ಹೇಳಬೇಕಂದ್ರೆ, ಜನ ನಿರೀಕ್ಷೆ ಮಾಡಿದ ಸೂಪರ್‌ಸ್ಟಾರ್ ಅವನಾಗಲಿಲ್ಲ. 2011ರಲ್ಲಿ ಬ್ಲೂಸ್ ಅವನನ್ನ ಕೊಲರಾಡೋ ತಂಡಕ್ಕೆ ಬಿಟ್ಟುಕೊಟ್ಟಿತು. ಅದೇ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾದ ಜೊನಾಥನ್ ಟೇವ್ಸ್ ಅಷ್ಟರಲ್ಲಿ ನಾಯಕನಾಗಿ ಸ್ಟ್ಯಾನ್ಲಿ ಕಪ್ ಎತ್ತಿ ಆಗಿತ್ತು. ಹೋಲಿಕೆ ಬರದೇ ಇರುತ್ತಾ? ಬಂತು. ಆಮೇಲೂ ಬೇರೆ ಬೇರೆ ಗಾಯಗಳಾದವು. ಜಾನ್ಸನ್ ಮಾತ್ರ ಸದ್ದಿಲ್ಲದೆ ಆಡ್ತಾನೇ ಹೋದ. ದೊಡ್ಡ ದೇಹ ಬಳಸಿ ತಡೆಯೋದು, ಪಕ್‌ಗೆ ಅಡ್ಡ ಬೀಳೋದು, ಕಿರಿಯರ ಜೊತೆ ನಿಂತು ಆಡೋದು. 2022ರಲ್ಲಿ ಕೊಲರಾಡೋ ಸ್ಟ್ಯಾನ್ಲಿ ಕಪ್ ಗೆದ್ದಾಗ, ನಾಯಕ ಲ್ಯಾಂಡೆಸ್ಕಾಗ್ ಕಪ್ಪನ್ನ ಮೊದಲು ಕೊಟ್ಟಿದ್ದು ಎರಿಕ್ ಜಾನ್ಸನ್ ಕೈಗೆ. ಆಗ ಅವನಿಗೆ 34. ಒಟ್ಟು ಪಂದ್ಯಗಳಲ್ಲಿ ಸಾವಿರದ ಗಡಿಯನ್ನೂ ದಾಟಿದ.

ಒಂದು ಕಡೆ 657, ಇನ್ನೊಂದು ಕಡೆ ಸಾವಿರಕ್ಕೂ ಮೇಲೆ. ಪ್ರತಿಭೆಯಲ್ಲಿ ಇಬ್ಬರಿಗೂ ಹೋಲಿಕೆಯೇ ಇಲ್ಲ. ಆರ್ ಆಟದ ದಿಕ್ಕನ್ನೇ ಬದಲಿಸಿದವರು. ಅವರಲ್ಲಿ ಮನೋಬಲ ಕಮ್ಮಿ ಇತ್ತು ಅಂತ ಯಾರೂ ಹೇಳೋಕಾಗಲ್ಲ. ಅವರಿಗೆ ಸಿಗದೇ ಹೋದದ್ದು ಎರಡು: ಒಳ್ಳೇ ಆಪರೇಷನ್ ಮತ್ತು ಮಂಡಿಗೆ ಬೇಕಾದಷ್ಟು ಸಮಯ. ಜಾನ್ಸನ್‌ಗೆ ಎರಡೂ ಸಿಕ್ಕವು.

ಸಮಯ ಅಂದೆ. ಎಷ್ಟು ಸಮಯ? ಎಸಿಎಲ್ ಆಪರೇಷನ್‌ನಲ್ಲಿ ತೊಡೆಯ ಹಿಂದಿನಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ತುಂಡು ತೆಗೆದು ಹೊಸ ಎಸಿಎಲ್ ಆಗಿ ಕೂರಿಸ್ತಾರೆ. ಆ ತುಂಡಿಗೆ ಹೊಸದಾಗಿ ರಕ್ತನಾಳ ಬೆಳೀಬೇಕು, ಅದು ನಿಧಾನಕ್ಕೆ ರಜ್ಜುವಾಗಿ ಮಾರ್ಪಾಡಾಗಬೇಕು. ಇದಕ್ಕೆ ತಿಂಗಳುಗಳೇ ಬೇಕು. ಮೋಸ ಆಗೋದು ಇಲ್ಲೇ. ಐದಾರು ತಿಂಗಳಿಗೆ ನೋವು ಹೋಗಿರುತ್ತೆ, ಊತ ಇಳಿದಿರುತ್ತೆ, ಓಡೋಕೂ ಆಗುತ್ತೆ. ಹುಡುಗ ‘ನಾನು ರೆಡಿ’ ಅಂತಾನೆ. ಒಳಗಿನ ರಜ್ಜು ಇನ್ನೂ ರೆಡಿ ಆಗಿರಲ್ಲ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಸೇರಿ ಮಾಡಿದ್ದು. ಆಪರೇಷನ್ ಆಗಿ ಒಂಬತ್ತು ತಿಂಗಳಾಗೋವರೆಗೆ, ಮೈದಾನಕ್ಕೆ ಮರಳೋದನ್ನ ಒಂದೊಂದು ತಿಂಗಳು ಮುಂದೂಡಿದಾಗಲೂ ಮತ್ತೆ ಪೆಟ್ಟಾಗೋ ಪ್ರಮಾಣ ಸುಮಾರು ಅರ್ಧಕ್ಕೆ ಇಳೀತಿತ್ತು. ಇನ್ನೊಂದು ಲೆಕ್ಕ: 25 ವರ್ಷದೊಳಗಿನವರು ಎಸಿಎಲ್ ಆಪರೇಷನ್ ನಂತರ ಕ್ರೀಡೆಗೆ ಮರಳಿದಾಗ, ಸರಿಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದೇ ಕಾಲಿಗೋ ಇನ್ನೊಂದು ಕಾಲಿಗೋ ಮತ್ತೆ ಎಸಿಎಲ್ ಹೋಗುತ್ತೆ. ವಯಸ್ಸು ಚಿಕ್ಕದು, ಬೇಗ ವಾಸಿಯಾಗುತ್ತೆ ಅಂತಾರಲ್ಲ, ಎಸಿಎಲ್ ವಿಷಯದಲ್ಲಿ ಆ ನಂಬಿಕೆ ಅಪಾಯ. ಚಿಕ್ಕವರಿಗೇ ಹೆಚ್ಚು ಜೋಪಾನ ಬೇಕು.

ಇನ್ನೊಂದು ಮಾತು. ಡಿಫೆಂಡರ್ ಹಣ್ಣಾಗೋದು ತಡವಾಗಿ. ಐಸ್ ಹಾಕಿ ಬಲ್ಲವರೆಲ್ಲ ಇದನ್ನ ಹೇಳ್ತಾರೆ. ಗೋಲು ಹೊಡೆಯೋನಿಗೆ ವೇಗ, ಕೈಚಳಕ ಇದ್ದರೆ ಹದಿನೆಂಟರಲ್ಲೇ ಮಿಂಚಬಹುದು. ಡಿಫೆಂಡರ್‌ಗೆ ಬೇಕಾಗಿರೋದು ಓದು. ಎದುರಾಳಿ ಎಲ್ಲಿಗೆ ಪಾಸ್ ಕೊಡ್ತಾನೆ, ಯಾವಾಗ ಮುನ್ನುಗ್ಗಬೇಕು, ಯಾವಾಗ ಸುಮ್ಮನೆ ಜಾಗ ಹಿಡಿದು ನಿಲ್ಲಬೇಕು. ಇದು ಆಡ್ತಾ ಆಡ್ತಾ ಬರುತ್ತೆ, ನೋಡ್ತಾ ನೋಡ್ತಾನೂ ಬರುತ್ತೆ. ಹಾಗಾಗಿ ಇಪ್ಪತ್ತರಲ್ಲಿ ಒಂದು ವರ್ಷ ಹೊರಗೆ ಕೂತ ಡಿಫೆಂಡರ್ ಎಲ್ಲವನ್ನೂ ಕಳ್ಕೊಳ್ಳಲ್ಲ. ಅವನ ಒಳ್ಳೇ ವರ್ಷಗಳು ಇನ್ನೂ ಮುಂದಿವೆ. ಎರಡನೇ ಸಲ ಅದೇ ಮಂಡಿ ಹೋದರೆ ಮಾತ್ರ ಆ ವರ್ಷಗಳೇ ಕೈಬಿಟ್ಟು ಹೋಗಬಹುದು.

ಹಾಕಿ ಸ್ಟಿಕ್ ಹಿಡಿದು ಟರ್ಫ್ ಮೇಲೆ ಓಡೋರಿಗೂ ಇದೇ ಲೆಕ್ಕ. ಅಲ್ಲೂ ತಿರುಗೋದು, ತಟ್ಟನೆ ನಿಲ್ಲೋದು, ಬಗ್ಗಿ ತಡೆಯೋದು ಇದೆ. ನಮ್ಮ ದೇಶದ ಗೋಲ್‌ಕೀಪರ್ ಆಗಿದ್ದ ಪಿ.ಆರ್. ಶ್ರೀಜೇಶ್ ಅವರನ್ನೇ ನೋಡಿ. 2017ರಲ್ಲಿ ಅಜ್ಲಾನ್ ಷಾ ಕಪ್‌ನಲ್ಲಿ ಎಸಿಎಲ್ ಪೆಟ್ಟು, ತಿಂಗಳುಗಟ್ಟಲೆ ಹೊರಗೆ. ಆಮೇಲೆ ಟೋಕಿಯೋದಲ್ಲಿ ಕಂಚು, ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು.

ಆದರೆ ‘ತಾಳ್ಮೆ ಇರಲಿ’ ಅಂತ ಹೇಳಿ ನಾನು ಎದ್ದು ಹೋದರೆ ಅದು ಅನ್ಯಾಯ. ಜಾನ್ಸನ್ ಕಾಯ್ತಿದ್ದಾಗ ಅವನ ಹಿಂದೆ ಒಪ್ಪಂದ ಇತ್ತು, ಡಾಕ್ಟರ್‌ಗಳಿದ್ದರು, ಕಾಯೋಕೆ ತಯಾರಿದ್ದ ತಂಡ ಇತ್ತು. ಕ್ರೀಡಾ ಹಾಸ್ಟೆಲ್‌ನಲ್ಲಿರೋ ಹತ್ತೊಂಬತ್ತರ ಹುಡುಗಿಗೆ ಇರೋದು ಮುಂದಿನ ತಿಂಗಳ ಟ್ರಯಲ್ಸ್. ಅದು ತಪ್ಪಿದರೆ ಸೀಟು ಹೋಗಬಹುದು, ಕ್ರೀಡಾ ಕೋಟಾ ಕೆಲಸದ ಆಸೆ ಹೋಗಬಹುದು. ಅವಳು ನೋವು ಮುಚ್ಚಿಟ್ಟು, ಬ್ಯಾಂಡೇಜ್ ಬಿಗಿದು ಓಡಿದರೆ ಅದನ್ನ ಬರೀ ದುಡುಕು ಅನ್ನೋಕಾಗುತ್ತಾ? ಕಾಯೋದಕ್ಕೂ ಒಂದು ಬೆಲೆ ಇದೆ. ಅದನ್ನ ಅವಳೊಬ್ಬಳೇ ಕಟ್ಟೋ ಹಾಗಾಗಬಾರದು. ಗಾಯಾಳುವಿಗೆ ಒಂದು ವರ್ಷ ಜಾಗ ಕಾಯ್ದಿಡೋದು ಕೋಚ್‌ಗಳು, ಹಾಸ್ಟೆಲ್‌ಗಳು, ಮನೆಯವರು ಮಾಡಬೇಕಾದ ಕೆಲಸ.

ಹಾಗಂತ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಮಂಡಿ ತಿರುಚಿದಾಗ ಒಳಗೆ ‘ಟಪ್’ ಅಂದ ಹಾಗಾಗಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ, ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಕೂರಬೇಡಿ. ಮೂಳೆ-ಕೀಲು ತಜ್ಞರಿಗೆ ತೋರಿಸಿ. ಹರಿದಿರೋದು ಯಾವ ರಜ್ಜು ಅಂತ ಹೆಸರು ಕೇಳಿ ತಿಳ್ಕೊಳ್ಳಿ. ಮೆನಿಸ್ಕಸ್ ಹರಿದಿದ್ದರೆ, ಹೊಲಿದು ಉಳಿಸೋಕಾಗುತ್ತಾ ಅಂತ ಕೇಳಿ. ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ಮಧ್ಯಕ್ಕೆ ಬಿಡಬೇಡಿ. ಅದು ಆಪರೇಷನ್‌ನಷ್ಟೇ ಮುಖ್ಯ. ಮರಳೋ ದಿನವನ್ನ ಕ್ಯಾಲೆಂಡರ್ ಒಂದೇ ತೀರ್ಮಾನ ಮಾಡೋದು ಬೇಡ. ಒಂಬತ್ತು ತಿಂಗಳು ಕಳೆದಿರಬೇಕು, ಜೊತೆಗೆ ಪೆಟ್ಟಾದ ಕಾಲಿನ ಬಲ, ಒಂಟಿಕಾಲ ಜಿಗಿತ ಇನ್ನೊಂದು ಕಾಲಿನ ಕನಿಷ್ಠ ಶೇ 90ರಷ್ಟಾದರೂ ಬಂದಿರಬೇಕು. ಇದು ಸಾಮಾನ್ಯವಾಗಿ ಬಳಸೋ ಅಳತೆ. ನಿಮ್ಮ ಮಂಡಿಗೆ ಯಾವುದು ಸರಿ ಅನ್ನೋದನ್ನ ನಿಮ್ಮ ಡಾಕ್ಟರ್ ಹೇಳಲಿ.

ಹೊರಗೆ ಕೂತಿರೋ ತಿಂಗಳುಗಳಲ್ಲಿ ಆಟ ನೋಡಿ. ಫೋನ್ ಹೇಗೂ ಕೈಯಲ್ಲೇ ಇರುತ್ತಲ್ಲ! ಚೆಂಡನ್ನ ಬಿಟ್ಟು, ಡಿಫೆಂಡರ್‌ನ ಕಾಲುಗಳನ್ನೇ ನೋಡಿ. ಎಲ್ಲಿ ನಿಲ್ತಾನೆ, ಯಾವಾಗ ತಿರುಗ್ತಾನೆ. ಮರಳಿ ಬಂದ ಮೊದಲ ದಿನಗಳಲ್ಲಿ ಮಂಡಿಗಿಂತ ಮನಸ್ಸು ಹಿಂಜರಿಯುತ್ತೆ, ಅರ್ಧ ಸೆಕೆಂಡ್ ತಡವಾಗುತ್ತೆ. ಆ ಅರ್ಧ ಸೆಕೆಂಡನ್ನ ಸ್ವಲ್ಪ ಮಟ್ಟಿಗಾದರೂ ಈ ಓದು ತುಂಬಿಕೊಡುತ್ತೆ.

ಇವತ್ತಿಗೆ ಇಷ್ಟು. ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡು ‘ಏನೂ ಆಗಿಲ್ಲ’ ಅಂತ ಓಡಾಡ್ತಿರೋ ಗೆಳೆಯರು ನಿಮಗಿದ್ದರೆ ಈ ಕಂತನ್ನ ಅವರಿಗೆ ಕಳಿಸಿ. ಅವರ ಕೋಚ್ ಗೊತ್ತಿದ್ದರೆ ಅವರಿಗೂ ಕಳಿಸಿ.