ಅಕ್ಕಿ ಹಿಂದಕ್ಕೆ ಕಳಿಸಿದವಳು



ಈ ಸುವರ್ಣ ಮಹೋತ್ಸವಕ್ಕೆ ಹೈದರಾಬಾದ್, ಪುಣೆ, ಬೆಂಗಳೂರಿನಿಂದ ಇಷ್ಟು ಜನ ಬಂದಿದ್ದೇವೆ ಎಂದರೆ ಅದಕ್ಕೆ ವಾಟ್ಸಾಪ್ ಗ್ರೂಪೇ ಕಾರಣ. ಆ ಉಪಕಾರ ಮರೆಯಬಾರದು. ಆದರೆ ಅದೇ ಗ್ರೂಪಿನಲ್ಲಿ ಹೊತ್ತು ಹುಟ್ಟಿದರೆ ಶುಭೋದಯದ ಹೂವು, ಯಾರಾದರೂ ತೀರಿಕೊಂಡರೆ ಸಾಲಾಗಿ ಕೈಮುಗಿದ ಚಿತ್ರ. ಆ ಮನೆಗೆ ಹೋಗಿ ಕಟ್ಟೆ ಮೇಲೆ ಒಂದು ಗಳಿಗೆ ಕೂತು ಬಂದವರು ಎಷ್ಟು ಮಂದಿ? ಕೈ ಎತ್ತಿ ಅಂತ ನಾನು ಕೇಳುವುದಿಲ್ಲ, ಹೆದರಬೇಡಿ.

ನನ್ನ ಚಿಂತೆ ಹೆಣ್ಣುಮಕ್ಕಳದು. ಯಾರೋ ಕೆಟ್ಟ ಸಂದೇಶ ಕಳಿಸಿದರೆ ಹುಡುಗಿ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೇಳಿದರೆ ಮೊದಲು ಫೋನ್ ಕಸಿಯುತ್ತಾರೆ, ಆಮೇಲೆ ಶಾಲೆ ಬಿಡಿಸುತ್ತಾರೆ ಎಂಬ ಹೆದರಿಕೆ. ತಪ್ಪು ಕಳಿಸಿದವನದು, ಶಿಕ್ಷೆ ಓದಿದವಳಿಗೆ. ಮಕ್ಕಳ ಸಹಾಯವಾಣಿ 1098 ಇದೆ, ನಿಜ. ಆದರೆ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿರುವ ಅವ್ವನಿಗೇ ಹೇಳಲಾಗದವಳು ಆ ನಂಬರು ಒತ್ತುತ್ತಾಳೆಯೇ?

ಇದಕ್ಕೇ ನನಗೆ ಕಾಮಿಕ್ಸ್ ನೆನಪಾಗುತ್ತದೆ. ನಗಬೇಡಿ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರ, 2014ರಲ್ಲಿ ‘ಪ್ರಿಯಾಸ್ ಶಕ್ತಿ’ ಎಂಬ ಚಿತ್ರಕಥೆ ಬಂತು. ಅತ್ಯಾಚಾರಕ್ಕೊಳಗಾಗಿ, ಮನೆಯವರಿಂದಲೇ ದೂರವಾದ ಹಳ್ಳಿ ಹುಡುಗಿ ಪ್ರಿಯಾ ಅದರ ನಾಯಕಿ. ತನ್ನನ್ನು ಹೆದರಿಸುತ್ತಿದ್ದ ಹುಲಿಯನ್ನೇ ಏರಿ ಊರಿಗೆ ಮರಳುತ್ತಾಳೆ. ಅವಳ ಆಯುಧ ಮಾತು. 2016ರಲ್ಲಿ ಬಂದ ಎರಡನೇ ಕಥೆ ಆ್ಯಸಿಡ್ ದಾಳಿಗೆ ಒಳಗಾದವರದು. ಇವನ್ನು ದುಡ್ಡಿಲ್ಲದೆ ಫೋನಿನಲ್ಲೇ ಓದಬಹುದು. ಬಾಯಿ ಮುಚ್ಚಿಸುವ ಯಂತ್ರವೇ ಇವಳನ್ನೂ ಹೊತ್ತು ತಂದಿದೆ. ‘ಟಿಂಕಲ್’ ಪತ್ರಿಕೆಯಲ್ಲಿ 2015ರಲ್ಲಿ ಮಿಜೋರಾಂನ ಹುಡುಗಿ ಮಪುಯಿ ‘ವಿಂಗ್‌ಸ್ಟಾರ್’ ಆಗಿ ಹಾರಿದಳು.

ನಮ್ಮ ಕಡೆಯ ಹುಡುಗಿ ಯಾವಾಗ? ಕಾಯುತ್ತಿದ್ದೇನೆ. ‘ಅಮರ ಚಿತ್ರ ಕಥೆ’ಯನ್ನೂ ‘ಟಿಂಕಲ್’ ಅನ್ನೂ ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಕಥೆಗಂತೂ ಬರವಿಲ್ಲ, ಬಸವಕಲ್ಯಾಣ ಇಲ್ಲೇ ಇದೆ. ಆಯ್ದಕ್ಕಿ ಲಕ್ಕಮ್ಮನ ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದ. ಇಷ್ಟು ನಮಗೆ ಬೇಡ, ಅಲ್ಲೇ ಸುರಿದು ಬನ್ನಿ ಎಂದಳು. ಖಡ್ಗ ಇಲ್ಲ, ರೆಕ್ಕೆ ಇಲ್ಲ. ಮನೆಯೊಳಗೆ, ಕಟ್ಟಿಕೊಂಡ ಗಂಡನೆದುರು, ಬೇಡ ಎಂದಳು. ಮನೆಯೊಳಗೆ ಹೇಳುವುದೇ ಕಷ್ಟ ಅನ್ನುವುದು ಇಲ್ಲಿರುವ ಹೆಣ್ಣುಮಕ್ಕಳಿಗೆ ಗೊತ್ತು. ಅವಳ ಕೈಯಲ್ಲಿ ಇವತ್ತು ಫೋನ್ ಇದ್ದಿದ್ದರೆ, ಬಂದ ಹೊಲಸನ್ನೂ ‘ನಿಮ್ಮದು ನಿಮಗೆ’ ಎಂದು ಹತ್ತು ಜನರ ಮುಂದೆ ಸುರಿಯುತ್ತಿದ್ದಳು.

ಮಕ್ಕಳೇ, ಆ ಕಾಮಿಕ್ಸ್ ನೀವೇ ಬರೆಯಿರಿ. ಡ್ರಾಯಿಂಗ್ ಹಾಳೆ, ಬಣ್ಣ ನಾನು ಕೊಡಿಸುತ್ತೇನೆ. ಮೊದಲ ಚಿತ್ರದಲ್ಲಿ ಹುಡುಗಿ ಫೋನ್ ಹಿಡಿದು ಅವ್ವನ ಹತ್ತಿರ ಬರಲಿ. ಎರಡನೇ ಚಿತ್ರದಲ್ಲಿ ಅವ್ವ ಏನನ್ನುತ್ತಾಳೆ? ಅದನ್ನು ಇಲ್ಲಿ ಕೂತಿರುವ ತಾಯಂದಿರು ಹೇಳಬೇಕು.