ಸಿಹಿ ತಿನ್ನದೆಯೂ ಶುಗರ್ ಏರೋದು ಯಾಕೆ?

ಕಳೆದ ಸಂಚಿಕೆಯಲ್ಲಿ ಶುಗರ್ ರಿಪೋರ್ಟ್ ಓದೋದು ಹೇಗೆ ಅಂತ ಮಾತಾಡಿದ್ದೆವು. ಅದಾದ ಮೇಲೆ ಬಂದ ವಾಯ್ಸ್ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಥರದವು. "ರಾತ್ರಿ ಒಂದು ಮುದ್ದೆ, ಸೊಪ್ಪಿನ ಸಾರು, ಅಷ್ಟೇ ಊಟ. ಮಲಗೋ ಮುಂಚೆ 130 ಇತ್ತು. ಬೆಳಿಗ್ಗೆ ಕಾಫಿನೂ ಕುಡಿಯದೆ ಚುಚ್ಚಿ ನೋಡಿದ್ರೆ 165. ನಿದ್ದೇಲಿ ನಾನೇನು ಹೋಳಿಗೆ ತಿಂದ್ನಾ?"

ನೀವು ತಿಂದಿಲ್ಲ. ನಿಮ್ಮ ಲಿವರ್ ಬಡಿಸಿದೆ. ಬಡಿಸು ಅಂತ ಆರ್ಡರ್ ಕೊಟ್ಟವರಲ್ಲಿ ಒಬ್ಬರ ಬಗ್ಗೆ ಇವತ್ತಿನ ಮಾತು.

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ ಓದಿದವಳು, ಡಾಕ್ಟರ್ ಅಲ್ಲ. ಇದನ್ನು ಕೇಳಿ ಯಾರೂ ಮಾತ್ರೆ ಬದಲಾಯಿಸಬೇಡಿ.

ನಮ್ಮ ಎರಡು ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಪುಟ್ಟ ಗ್ರಂಥಿಗಳಿವೆ. ಆಡ್ರಿನಲ್ ಗ್ರಂಥಿ ಅಂತಾರೆ. ಒಂದೊಂದೂ ನಾಲ್ಕೈದು ಗ್ರಾಂ ತೂಗಿದ್ರೆ ಹೆಚ್ಚು. ಅಲ್ಲಿಂದ ಬರೋ ಅಡ್ರಿನಲಿನ್ ಗಾಬರಿ ಆದ ಕ್ಷಣಕ್ಕೆ ಕೆಲಸ ಮಾಡುತ್ತೆ. ಕಾರ್ಟಿಸಾಲ್ ನಿಧಾನ, ಆದರೆ ಹೆಚ್ಚು ಹೊತ್ತು ಇರುತ್ತೆ.

ಆರೋಗ್ಯವಂತರ ಇಡೀ ರಕ್ತದಲ್ಲಿರೋ ಸಕ್ಕರೆ ಒಟ್ಟು ಸುಮಾರು ಐದು ಗ್ರಾಂ, ಅಂದ್ರೆ ಒಂದು ಟೀ ಚಮಚ ಮಾತ್ರ. ಲಿವರ್‌ನಲ್ಲಿ ಕೂಡಿಟ್ಟಿರೋದು ನೂರು ಗ್ರಾಂ ಹತ್ತಿರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಕ್ತದಲ್ಲಿರೋದು ಜೇಬಿನ ಚಿಲ್ಲರೆ, ಲಿವರ್‌ನಲ್ಲಿರೋದು ಎಫ್‌ಡಿ. ಅಡ್ರಿನಲಿನ್ ಬಂದ ಕೂಡಲೇ ಎಫ್‌ಡಿ ಮುರಿಸುತ್ತೆ. ಕಾರ್ಟಿಸಾಲ್ ಇನ್ನೂ ಒಂದು ಹೆಜ್ಜೆ ಮುಂದೆ. ಮಾಂಸಖಂಡದ ಪ್ರೋಟೀನನ್ನೇ ಕರಗಿಸಿ ಲಿವರ್‌ಗೆ ಕಳಿಸಿ ಹೊಸ ಸಕ್ಕರೆ ಮಾಡಿಸುತ್ತೆ, ಜೊತೆಗೆ ಇನ್ಸುಲಿನ್ ಮಾತು ನಡೆಯದ ಹಾಗೆ ಮಾಡುತ್ತೆ. ನಾಯಿ ಅಟ್ಟಿಸಿಕೊಂಡು ಬಂದ್ರೆ ಈ ಸಕ್ಕರೆ ಓಡೋ ಕಾಲಿಗೆ ಖರ್ಚಾಗುತ್ತೆ. ಮಾರ್ಚ್ ಎಂಡಿಂಗ್‌ನಲ್ಲಿ ಕುರ್ಚಿಯಿಂದ ಏಳದೆ ಲೆಕ್ಕ ಟ್ಯಾಲಿ ಮಾಡ್ತಾ ಕೂತವರಿಗೆ ಅದು ಎಲ್ಲಿ ಖರ್ಚಾಗಬೇಕು, ಹೇಳಿ?

ಇನ್ನು ಬೆಳಗಿನ 165ರ ವಿಷಯ. ಕಾರ್ಟಿಸಾಲ್‌ಗೆ ಒಂದು ದಿನಚರಿ ಇದೆ. ಮಧ್ಯರಾತ್ರಿ ಹೊತ್ತಿಗೆ ತೀರಾ ಕಡಿಮೆ, ಬೆಳಗಿನ ಜಾವ ಏರಿ ನಾವು ಏಳೋ ಹೊತ್ತಿಗೆ ತುದಿ ಮುಟ್ಟುತ್ತೆ. ಎಬ್ಬಿಸೋಕೆ ಅಂತ ದೇಹವೇ ಮಾಡಿಕೊಂಡ ವ್ಯವಸ್ಥೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತೆ, ಇರೋರಲ್ಲಿ ಆಗಲ್ಲ. ಬೆಳವಣಿಗೆಯ ಹಾರ್ಮೋನ್ ಪಾಲೂ ಇದೆ, ಬರೀ ಕಾರ್ಟಿಸಾಲ್ ತಲೆಗೆ ಕಟ್ಟೋದು ಸರಿಯಲ್ಲ. ಇನ್ಸುಲಿನ್ ತಗೊಳ್ಳೋರಿಗೆ ಡಾಕ್ಟರ್‌ಗಳು ಒಂದೆರಡು ದಿನ ರಾತ್ರಿ ಮೂರು ಗಂಟೆಗೆ ಎದ್ದು ಚೆಕ್ ಮಾಡಿ ಅಂತಾರಲ್ಲ, ಅದು ಇದಕ್ಕೇ. ಮೂರು ಗಂಟೆಗೆ ಶುಗರ್ ತೀರಾ ಇಳಿದಿದ್ರೆ ಸಮಸ್ಯೆ ಬೇರೆ, ಇಳಿಯದೆ ಬೆಳಿಗ್ಗೆ ಏರಿದ್ರೆ ಬೇರೆ. ಎರಡಕ್ಕೂ ಮದ್ದು ಒಂದೇ ಅಲ್ಲ.

ಗಾಬರಿಗೆ ಸಕ್ಕರೆ ಏರುತ್ತೆ ಅನ್ನೋದು ನೂರು ವರ್ಷಕ್ಕಿಂತ ಹಳೇ ಮಾತು. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಅನ್ನೋ ವಿಜ್ಞಾನಿ ಮೊದಲು ಬೆಕ್ಕುಗಳಲ್ಲಿ ಇದನ್ನು ನೋಡಿದರು. ಹೆದರಿದ ಬೆಕ್ಕಿನ ಮೂತ್ರದಲ್ಲಿ ಸಕ್ಕರೆ ಬರ್ತಿತ್ತು. 1913ರಲ್ಲಿ ಆ ವರ್ಷದ ಕೊನೆಯ ದೊಡ್ಡ ಫುಟ್‌ಬಾಲ್ ಪಂದ್ಯ ಮುಗಿದ ಕೂಡಲೇ ಹಾರ್ವರ್ಡ್ ತಂಡದ 25 ಜನರ ಮೂತ್ರ ಪರೀಕ್ಷೆ ಮಾಡಿದಾಗ 12 ಜನರಲ್ಲಿ ಸಕ್ಕರೆ ಸಿಕ್ತು. ನನಗೆ ಇದರಲ್ಲಿ ತುಂಬಾ ಇಷ್ಟವಾಗೋ ಸಂಗತಿ, ಆ 12ರಲ್ಲಿ ಐದು ಜನ ಮೈದಾನಕ್ಕೆ ಇಳಿದೇ ಇರಲಿಲ್ಲ! ಬೆಂಚ್ ಮೇಲೆ ಕೂತು ಚಡಪಡಿಸಿದ್ದಷ್ಟೇ.

ನಿದ್ದೆಗೆಟ್ಟರೂ ಇದೇ ಕಥೆ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 11 ಆರೋಗ್ಯವಂತ ಯುವಕರನ್ನು ಆರು ರಾತ್ರಿ ಬರೀ ನಾಲ್ಕು ಗಂಟೆ ಮಲಗೋಕೆ ಬಿಟ್ಟರು. ಸಂಜೆ ಇಳಿಯಬೇಕಾದ ಕಾರ್ಟಿಸಾಲ್ ಹೆಚ್ಚಿತ್ತು, ಸಕ್ಕರೆ ನಿಭಾಯಿಸೋ ಶಕ್ತಿ ಕುಗ್ಗಿತ್ತು. ಸಣ್ಣ ಅಧ್ಯಯನ, ನಿಜ. ಆದ್ರೂ ಬೆಂಗಳೂರಿನ ನೈಟ್ ಶಿಫ್ಟ್ ಸ್ನೇಹಿತರಿಗೆ ಇದನ್ನು ಹೇಳದೆ ಇರೋಕೆ ಆಗಲ್ಲ.

ಈಗ ನಮ್ಮ ಮನೇ ವಿಷಯ. ದೊಡ್ಡಪ್ಪ ತಿಪಟೂರು ಕಡೆಯವರು, ತೆಂಗಿನ ತೋಟ. ಹನ್ನೆರಡು ವರ್ಷದಿಂದ ಶುಗರ್ ಇದೆ, ಶಿಸ್ತಿನ ಮನುಷ್ಯ. ಎರಡು ವರ್ಷದ ಹಿಂದೆ ಇದ್ದಕ್ಕಿದ್ದ ಹಾಗೆ 300 ದಾಟೋಕೆ ಶುರುವಾಯ್ತು. ಮನೇಲಿ ಎಲ್ಲರೂ ಅವರ ಮೇಲೆ ಬಿದ್ದರು. ದೊಡ್ಡಮ್ಮ ಬೆಲ್ಲದ ಡಬ್ಬಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮದುವೆ ಮನೇಲಿ ಅವರ ಎಲೆಗೆ ಸಿಹಿ ಬಡಿಸಬೇಡಿ ಅಂತ ನಾಲ್ಕು ಜನರೆದುರು ಹೇಳಿದರು. ದೊಡ್ಡಪ್ಪ ಏನೂ ಮಾತಾಡದೆ ಎದ್ದು ಕೈ ತೊಳ್ಕೊಂಡುಬಿಟ್ಟರು. "ಕದ್ದು ತಿಂತಾರೆ" ಅನ್ನೋ ಮಾತು ಅರವತ್ತೆಂಟು ವರ್ಷದವರಿಗೆ ಎಷ್ಟು ಚುಚ್ಚುತ್ತೆ ಅಂತ ಆಮೇಲೆ ಗೊತ್ತಾಯ್ತು.

ಮುಖ ದುಂಡಗೆ ಊದಿದ್ದನ್ನು ನೋಡಿ ಡಾಕ್ಟರ್ ಕೇಳಿದ ಪ್ರಶ್ನೆನೇ ಬೇರೆ: "ಮಂಡಿನೋವಿಗೆ ಏನಾದ್ರೂ ತಗೊಳ್ತಾ ಇದ್ದೀರಾ, ಯಜಮಾನ್ರೇ?" ತಗೊಳ್ತಾ ಇದ್ದರು. ಯಾರೋ ಸಂತೇಲಿ ಕೊಟ್ಟ ಪುಡಿ, ಹೆಸರಿಲ್ಲದ ಪೊಟ್ಟಣ. ಎರಡೇ ದಿನಕ್ಕೆ ನೋವು ಮಾಯವಾಗಿತ್ತಂತೆ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಅಂತ ಡಾಕ್ಟರ್ ಅನುಮಾನ. ಸ್ಟೀರಾಯ್ಡ್ ಅಂದ್ರೆ ಕಾರ್ಟಿಸಾಲ್‌ನ ಅಣ್ಣ ಅಂದ್ಕೊಳ್ಳಿ. ಹೊರಗಿನಿಂದ ದಿನಾ ಬರ್ತಿದ್ರೆ ಒಳಗಿನ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತೆ. ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು ಕಾರ್ಟಿಸಾಲ್ ನೋಡಿದ್ರು, ತಳ ಹಿಡಿದಿತ್ತು. ಪುಡಿ ಎಸೆದು ಸುಮ್ಮನಾಗಿದ್ದಿದ್ರೆ ಬಿಪಿ ಕುಸಿದು ಜೀವಕ್ಕೇ ಬರಬಹುದಿತ್ತು. ಅದರ ಬದಲು ಅಳತೆಯ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿದರು. ಶುಗರ್ ತನ್ನ ಹಳೇ ಜಾಗಕ್ಕೆ ಬಂತು. ಬೀರುವಿನ ಬೀಗ ತೆಗೆದಿದ್ದಾರೆ, ಆ ಮದುವೆ ಮನೆ ವಿಷಯ ಮಾತ್ರ ಇವತ್ತಿಗೂ ಯಾರೂ ಎತ್ತಲ್ಲ.

2021ರಲ್ಲಿ ಕೋವಿಡ್ ಎರಡನೇ ಅಲೆ ಜೊತೆ ಬಂದ ಕಪ್ಪು ಶಿಲೀಂಧ್ರ ನೆನಪಿದೆಯಲ್ಲ? ಅವತ್ತೂ ಹತೋಟಿ ತಪ್ಪಿದ ಶುಗರ್ ಮತ್ತು ಸ್ಟೀರಾಯ್ಡ್ ಎರಡೂ ಸೇರಿದ ಕಡೆ ಅದು ಹೆಚ್ಚು ಕಾಡಿತು. ಆಮ್ಲಜನಕ ಬೇಕಾದ ರೋಗಿಗಳಲ್ಲಿ ಅದೇ ಡೆಕ್ಸಾಮೆಥಸೋನ್ ಜೀವವನ್ನೂ ಉಳಿಸಿತು. ಆದ್ದರಿಂದ ಸ್ಟೀರಾಯ್ಡ್ ಅಂದ್ರೆ ವಿಷ ಅನ್ನೋ ಮಾತನ್ನು ನಾನು ಒಪ್ಪಲ್ಲ.

ಒಪ್ಪದ ಇನ್ನೊಂದು ವಿಷಯ ಇದೆ. ರೀಲ್ಸ್‌ನಲ್ಲಿ "ನಿಮಗೆ ಆಡ್ರಿನಲ್ ಫಟೀಗ್, ಗ್ರಂಥಿ ಸುಸ್ತಾಗಿದೆ, ಅದಕ್ಕೇ ಶುಗರ್ ಏರ್ತಿದೆ, ಈ ಕ್ಯಾಪ್ಸೂಲ್ ತಗೊಳ್ಳಿ" ಅಂತ ಮಾರ್ತಾರಲ್ಲ, ಲೆಕ್ಕ ಹಾಕಿ ನೋಡಿ. ಗ್ರಂಥಿ ನಿಜವಾಗಿ ಕೈಕೊಟ್ಟರೆ ಕಾರ್ಟಿಸಾಲ್ ಕಡಿಮೆಯಾಗುತ್ತೆ, ಆಗ ಶುಗರ್ ಇಳಿಯಬೇಕು, ಏರಬಾರದು! ಹಾಗೆ ಕೈಕೊಡೋ ನಿಜವಾದ ಕಾಯಿಲೆಯೂ ಇದೆ. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ವಿವರಿಸಿದ್ದು, ನಮ್ಮ ದೇಶದಲ್ಲಿ ಟಿಬಿಯಿಂದಲೂ ಬರುತ್ತೆ. ತೂಕ ಇಳಿಯೋದು, ಚರ್ಮ ಕಪ್ಪಾಗೋದು, ಬಿಪಿ ಇಳಿಯೋದು ಅದರ ಲಕ್ಷಣ. ಅದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆ ಇದೆ. "ಫಟೀಗ್" ಅನ್ನೋದನ್ನು ಹಾರ್ಮೋನ್ ತಜ್ಞರ ಸಂಘಗಳು ಕಾಯಿಲೆ ಅಂತಲೇ ಒಪ್ಪಿಲ್ಲ. ಕ್ಯಾಪ್ಸೂಲ್‌ಗೆ ದುಡ್ಡು ಹೋದ್ರೆ ಹೋಗಲಿ, ಅದನ್ನು ನಂಬಿ ಮೆಟ್‌ಫಾರ್ಮಿನ್ ಬಿಟ್ಟವರು ಇದ್ದಾರೆ. ನನ್ನ ಸಿಟ್ಟು ಅದಕ್ಕೆ.

ಹಾಗಂತ ಟೆನ್ಷನ್ ಒಂದರಿಂದಲೇ ಡಯಾಬಿಟಿಸ್ ಬಂತು ಅಂತಲೂ ಹೇಳೋಕಾಗಲ್ಲ. ವಂಶ, ಹೊಟ್ಟೆಯ ಬೊಜ್ಜು, ಊಟ, ಓಡಾಟ ಎಲ್ಲ ಸೇರುತ್ತೆ. ಟೆನ್ಷನ್‌ನಲ್ಲಿ ನಾವು ಮಾತ್ರೆ ಮರೀತೀವಿ, ವಾಕಿಂಗ್ ಬಿಡ್ತೀವಿ, ರಾತ್ರಿ ಹನ್ನೊಂದಕ್ಕೆ ಮಿಕ್ಸ್ಚರ್ ಡಬ್ಬಿ ತೆಗೀತೀವಿ. ಅದೂ ಲೆಕ್ಕಕ್ಕೆ ಬರಬೇಕಲ್ಲ.

ಕೊನೆಗೆ ಕೆಲಸಕ್ಕೆ ಬರೋ ಒಂದು ಮಾತು. ಉಬ್ಬಸಕ್ಕೋ ಚರ್ಮಕ್ಕೋ ಡಾಕ್ಟರ್ ಬೆಳಿಗ್ಗೆ ಪ್ರೆಡ್ನಿಸೋಲೋನ್ ಮಾತ್ರೆ ಕೊಟ್ಟಿದ್ರೆ, ಖಾಲಿ ಹೊಟ್ಟೆಯ ಶುಗರ್ ಚೆನ್ನಾಗೇ ಕಾಣಬಹುದು. ಏರೋದು ಮಧ್ಯಾಹ್ನದ ಊಟದ ಮೇಲೆ, ಸಂಜೆ. ಹಾಗಾಗಿ ಆ ಹೊತ್ತಿನದ್ದೂ ಚೆಕ್ ಮಾಡಬೇಕಾ ಅಂತ ಕೇಳಿ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸ್ಕೊಂಡ್ರೂ ಕೆಲವು ದಿನ ಶುಗರ್ ಏರುತ್ತೆ, ಮೊದಲೇ "ನನಗೆ ಶುಗರ್ ಇದೆ" ಅಂತ ಹೇಳಿ. ಮನೇಲಿ ಯಾರಾದ್ರೂ ಹೆಸರಿಲ್ಲದ ಪುಡಿ ತಗೊಳ್ತಿದ್ರೆ ಬೈಯಬೇಡಿ, ಎಸೆಯಲೂ ಬೇಡಿ. ಆ ಪೊಟ್ಟಣವನ್ನೇ ಹಿಡ್ಕೊಂಡು ಅವರ ಜೊತೆ ಡಾಕ್ಟರ್ ಹತ್ರ ಹೋಗಿ.

ನಿಮ್ಮ ಪ್ರಶ್ನೆಗಳನ್ನು ವಾಯ್ಸ್ ಮೆಸೇಜ್‌ನಲ್ಲಿ ಕಳಿಸ್ತಾ ಇರಿ.